ಪಾಪು ಸಾಧು ಅಂದ್ಕೊಂಡಿದ್ವಿ

ನನ್ನ ತವರು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ಜುಲೈ ಮಳೆ ಹಿಡಿದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಅಂಥಾ ಟೈಮಲ್ಲೇ ನನ್ನ ಬಾಣಂತನ. ಮೂರನೇ ದಿನ ಡಿಸ್ಚಾರ್ಜ್ ಆಗಿ ಬಂದ್ವಿ. ನಾಲ್ಕನೇ ದಿನ ಪಾಪು ಅಳೋದೇ ಕಮ್ಮಿ ಆಯ್ತು, ಎಷ್ಟು ಸಾಧು ಮಗು ಅಂತ ಮನೇಲೆಲ್ಲಾ ಖುಷಿ. ನಂಗೆ ಮಾತ್ರ ಸಮಾಧಾನ ಇಲ್ಲ, ಯಾಕಂದ್ರೆ ಹಿಂದಿನ ದಿನ ಎರಡು ಗಂಟೆಗೊಂದ್ಸಲ ಎದ್ದು ಹಾಲು ಕುಡೀತಿದ್ದ ಕೂಸು ಅವತ್ತು ಐದು ಗಂಟೆ ಆದ್ರೂ ಕಣ್ಣೇ ಬಿಡ್ಲಿಲ್ಲ. ಬಟ್ಟೆ ಬಿಚ್ಚಿದೆ, ಅಂಗಾಲು ಉಜ್ಜಿದೆ, ಎದೆಗೆ ಹಿಡಿದ್ರೆ ಎರಡು ಸಲ ಚೀಪಿ ಮತ್ತೆ ನಿದ್ದೆ.

ಬಾಣಂತಿ ಕೋಣೆ ಕತ್ತಲಲ್ಲಿ ಮೈ ಬಣ್ಣ ಎಲ್ಲಿ ಗೊತ್ತಾಗತ್ತೆ, ಅದಕ್ಕೆ ಜಗಲಿಗೆ ಎತ್ಕೊಂಡು ಬಂದು ಮೂಗಿನ ಮೇಲೆ ಬೆರಳಿಂದ ಮೆತ್ತಗೆ ಒತ್ತಿ ಬಿಟ್ಟೆ. ಒತ್ತಿದ ಜಾಗ ಬೆಳ್ಳಗಾಗೋ ಬದ್ಲು ಹಳದಿ. ಎದೆ ಒತ್ತಿದೆ, ಹೊಟ್ಟೆ ಒತ್ತಿದೆ, ಎಲ್ಲಾ ಕಡೆ ಹಳದಿ, ಕೊನೆಗೆ ಅಂಗಾಲು ನೋಡಿದ್ರೆ ಅದೂ ಹಳದಿ.

"ಹುಟ್ಟಿದ ಮಕ್ಳಿಗೆಲ್ಲಾ ಕಾಮಾಲೆ ಬರತ್ತೆ ಕಣೆ, ಬಿಸಿಲಿಗೆ ಹಿಡಿ" ಅಂದ್ರು ಅಜ್ಜಿ. ಮೊದಲ್ನೇ ಮಾತು ಹೆಚ್ಚುಕಮ್ಮಿ ನಿಜ, ಎರಡು ಮೂರನೇ ದಿನಕ್ಕೆ ಮುಖ ಸ್ವಲ್ಪ ಹಳದಿ ಆಗೋದು ತುಂಬಾ ಮಕ್ಳಿಗೆ ಇರತ್ತೆ, ಎರಡು ವಾರದೊಳಗೆ ಹೋಗತ್ತೆ. ಆದ್ರೆ ಹುಟ್ಟಿದ 24 ಗಂಟೆಯೊಳಗೆ ಕಾಣ್ಸಿದ್ರೆ, ಅಂಗೈ ಅಂಗಾಲಿಗೆ ಇಳಿದ್ರೆ, ಅಥ್ವಾ ಮಗು ಹಾಲು ಬಿಟ್ಟು ಮಂಕಾದ್ರೆ ಕಾಯೋ ಹಾಗಿಲ್ಲ, ಬಿಲಿರುಬಿನ್, ಅಂದ್ರೆ ರಕ್ತದಲ್ಲಿ ಸೇರೋ ಆ ಹಳದಿ ಅಂಶ, ತೀರಾ ಏರಿದ್ರೆ ಮಿದುಳಿಗೆ, ಕಿವಿಗೆ ಏಟು. ಬಿಸಿಲು ಅದಕ್ಕೆ ಮದ್ದಲ್ಲ, ನಮ್ಮಲ್ಲಿ ಆಗ ಬಿಸಿಲಾದ್ರೂ ಎಲ್ಲಿತ್ತು.

ಅಣ್ಣ ತೋಟದ ದರೆ ಹತ್ತಿ ಸಿಗ್ನಲ್ ಹುಡುಕಿ ಆಶಾ ಕಾರ್ಯಕರ್ತೆ ಅಕ್ಕಂಗೆ ಫೋನ್ ಹಚ್ಚಿದ. ಅವ್ರು ಕೇಳಿದ್ದು ಬೆಳಗಿಂದ ಉಚ್ಚೆ ಎಷ್ಟು ಸಲ ಹೋಗಿದೆ, ಬಣ್ಣ ಏನು ಅಂತ. ಎರಡೇ ಸಲ, ಬಟ್ಟೆ ಮೇಲೆ ಹಳದಿ ಕಲೆ. ಎಳೆ ಮಗು ಉಚ್ಚೆಗೆ ಬಣ್ಣ ಇರಬಾರ್ದು, ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದ್ರೂ ಹೋಗ್ಬೇಕು, ಈಗ್ಲೇ ಹೊರಡಿ ಅಂದ್ರು.

ಅಣ್ಣನ ಓಮ್ನೀಲಿ ಮಂಡಗದ್ದೆ ಮೇಲೆ ಶಿವಮೊಗ್ಗಕ್ಕೆ ಹೊರಟ್ವಿ, ದಾರಿಯುದ್ದಕ್ಕೂ ಪಾಪುನ ನನ್ನ ಎದೆಗೇ ಅಂಟಿಸ್ಕೊಂಡು ಕೂತಿದ್ದೆ, ತಣ್ಣಗಾಗಬಾರ್ದು ಅಂತ. ಗಾಡಿ ಇಲ್ದಿದ್ರೆ 108 ಇದೆ, ಮಗು ಹುಟ್ಟಿ ವರ್ಷ ಆಗೋ ತನಕ ಸರ್ಕಾರಿ ಆಸ್ಪತ್ರೇಲಿ ಚಿಕಿತ್ಸೇನೂ ಫ್ರೀ, ದುಡ್ಡಿಗೆ ಹೆದರಿ ಕೂರೋದು ಬೇಡ. ರಕ್ತ ತೆಗೆದು ನೋಡಿ ತಕ್ಷಣ ಅಡ್ಮಿಟ್ ಮಾಡ್ಕೊಂಡ್ರು, ರಕ್ತದ ಗುಂಪು ನಂದು ಓ ಪಾಸಿಟಿವ್, ಮಗಳ್ದು ಬಿ ಪಾಸಿಟಿವ್, ಅದು ಹೊಂದದೆ ಅವಳ ರಕ್ತಕಣ ಬೇಗ ಒಡೀತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಎರಡು ದಿನ. ಮೂರನೇ ದಿನ ಬೆಳಗ್ಗೆ ಹಸಿವಾಗಿ ವಾರ್ಡೆಲ್ಲಾ ಕೇಳೋ ಹಾಗೆ ಕಿರುಚಿದ್ಲು, ನಾನು ಅಲ್ಲೇ ಅತ್ತುಬಿಟ್ಟೆ.

ಹೋದ ತಿಂಗ್ಳು ಹೊಸನಗರದಿಂದ ಚಿಕ್ಕಮ್ಮನ ಮಗಳು, ಅವಳದ್ದೂ ಎಳೆ ಕೂಸು, ರಾತ್ರಿ ಫೋನ್ ಮಾಡಿ, ಅಕ್ಕಾ ನನ್ನ ಮಗ ಹೆಂಗೋ ಉಸಿರಾಡ್ತಿದ್ದಾನೆ ಅಂದ್ಲು. ಅಂಗಿ ಎತ್ತಿ ಹೊಟ್ಟೆ ನೋಡ್ತಾ ಪೂರ್ತಿ ಒಂದು ನಿಮಿಷ ಎಣಿಸು ಅಂದೆ, ಮತ್ತೆ ಇನ್ನೊಂದ್ಸಲ ಎಣಿಸು. ಎರಡು ಸಲಾನೂ 60 ದಾಟಿತ್ತು, ಎಳೆ ಕೂಸಿಗೆ ಅದು ಅಪಾಯದ ಲೆಕ್ಕ, ಪಕ್ಕೆ ಕೆಳಗೆ ಗುಳಿ ಬೀಳ್ತಿತ್ತು. ಜ್ವರ ನೋಡ್ಲಾ, 99.5 ದಾಟಿದ್ರೆ ಸಿರಪ್ ಹಾಕ್ಲಾ ಅಂತ ಕೇಳಿದ್ಲು. ಏನೂ ಹಾಕ್ಬೇಡ ಮಾರಾಯ್ತಿ, ಮಗೂನ ಬೆಚ್ಚಗೆ ಸುತ್ಕೊಂಡು ಗಾಡಿ ಹತ್ತು ಅಂದೆ.