ಊರ ಹೆಸರಿಗೆ ಟ್ರೇಡ್‌ಮಾರ್ಕ್ ಕೇಳಲು ಹೋಗಿ

ನಮ್ಮ ಮನೆಯ ಅಟ್ಟದಲ್ಲಿ ಇವತ್ತಿಗೂ ಎರಡು ಕಟ್ಟು ಲೇಬಲ್ ಬಿದ್ದಿದೆ. ಮೇಲೆ ದಪ್ಪಕ್ಷರದಲ್ಲಿ 'ತೀರ್ಥಹಳ್ಳಿ ಸಾರಿನಪುಡಿ' ಅಂತಿದೆ. ಆ ಹೆಸರು ನನ್ನದಾಗಲಿ ಅಂತ ಹೊರಟಿದ್ದೆ.

ಪುಡಿ ಚೆನ್ನಾಗಿ ಖರ್ಚಾಗತೊಡಗಿದಾಗ ಹೆದರಿಕೆ ಶುರುವಾಯಿತು. ಯಾರಾದರೂ ಇದೇ ಹೆಸರಲ್ಲಿ ಮಾರಿದರೆ? ಡಿಜಿಟಲ್ ಸಹಿ ಮಾಡಿಸಿಕೊಂಡು ಟ್ರೇಡ್‌ಮಾರ್ಕಿನ, ಅಂದರೆ ಆ ಹೆಸರನ್ನು ನಾನೊಬ್ಬಳೇ ಬಳಸುವ ಹಕ್ಕಿನ, ನೋಂದಣಿಗೆ ಹಾಕುವ ಟಿಎಂ-ಎ ಅರ್ಜಿಯನ್ನು ನಾನೇ ಆನ್‌ಲೈನ್‌ನಲ್ಲಿ ತುಂಬಿದೆ. ಸರಕುಗಳನ್ನು ಕ್ಲಾಸ್ ಅಂತ ವಿಂಗಡಿಸಿದ್ದಾರೆ, ಮಸಾಲೆಗೆ 30ನೇ ಕ್ಲಾಸ್. ನನ್ನಂಥ ಒಬ್ಬರೇ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ.

ಕೆಲವು ತಿಂಗಳಾದ ಮೇಲೆ ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಾ ವರದಿ ಬಂತು. ಟ್ರೇಡ್ ಮಾರ್ಕ್ಸ್ ಕಾಯ್ದೆ, 1999ರ ಕಲಂ 9(1)(ಬಿ) ಪ್ರಕಾರ ಆಕ್ಷೇಪಣೆ. ಸರಕು ಯಾವುದು, ಎಲ್ಲಿಯದು ಅಂತಷ್ಟೇ ಹೇಳುವ ಹೆಸರು ನೋಂದಣಿಗೆ ಬರುವುದಿಲ್ಲ ಅನ್ನುತ್ತದೆ ಆ ಕಲಂ. ನನ್ನ ಹೆಸರಲ್ಲಿ ಊರು ಬಿಟ್ಟರೆ ಸಾರಿನಪುಡಿ, ಸಾರಿನಪುಡಿ ಬಿಟ್ಟರೆ ಊರು. ಉತ್ತರ ಕೊಡಲು ಒಂದು ತಿಂಗಳು.

"ಮೈಸೂರ್ ಸ್ಯಾಂಡಲ್‌ಗೆ ಸಿಕ್ಕಿಲ್ವಾ?" ಅಂದರು ನಮ್ಮ ಮನೆಯವರು. ಸಿಕ್ಕಿದೆ, ಆದರೆ ಆ ಸೋಪಿಗೆ ನೂರು ವರ್ಷದ ಬಳಕೆ ಇದೆ. ಕಾಯ್ದೆಯಲ್ಲೂ ಒಂದು ಕಿಂಡಿ ಇದೆ: ಅರ್ಜಿ ಹಾಕುವ ಮೊದಲೇ ಆ ಹೆಸರು ಕೇಳಿದ ಕೂಡಲೇ ಜನಕ್ಕೆ ನಿಮ್ಮ ಸರಕೇ ನೆನಪಾಗುವಂತಿದ್ದರೆ ಕೊಡಬಹುದು. ನನ್ನ ಹತ್ತಿರ ಇದ್ದದ್ದು ಮೂರು ವರ್ಷದ ಬಿಲ್ ಪುಸ್ತಕ, ಅದರಲ್ಲೂ ಅರ್ಧ ಎಣ್ಣೆ ಕಲೆ.

ಓದುತ್ತಾ ಹೋದಾಗ ಸಿಗರೇಟಿಗೆ 'ಶಿಮ್ಲಾ' ಅಂತ ಹೆಸರು ಕೇಳಿದ ಕೇಸ್ ಸಿಕ್ಕಿತು. ಶಿಮ್ಲಾದಲ್ಲಿ ತಂಬಾಕು ಬೆಳೆಯುವುದಿಲ್ಲ, ಹಾಗಾಗಿ ಗಿರಾಕಿ ಮೋಸ ಹೋಗುವ ಮಾತೇ ಇಲ್ಲ ಅಂತ ನನಗನ್ನಿಸಿತ್ತು. ಆದರೆ 1977ರಲ್ಲಿ ಕಲ್ಕತ್ತಾ ಹೈಕೋರ್ಟ್ ಆ ಹೆಸರನ್ನು ಒಪ್ಪಲಿಲ್ಲ. ಕಾರಣ, ಅದು ಎಲ್ಲರಿಗೂ ಗೊತ್ತಿರುವ ಊರು, ಅಷ್ಟೇ. ಬಾಳೆಹಣ್ಣಿಗೆ 'ಉತ್ತರ ಧ್ರುವ' ಅಂತ ಇಟ್ಟರೆ ನಡೆಯುತ್ತದೆ ಅಂತ ವಕೀಲರು ಹಳೇ ಉದಾಹರಣೆ ಕೊಡುತ್ತಾರೆ, ಅಲ್ಲಿ ಬಾಳೆ ಬೆಳೆಯುತ್ತದೆ ಅಂತ ಯಾರೂ ನಂಬಲ್ಲವಲ್ಲ. ತೀರ್ಥಹಳ್ಳಿಯಲ್ಲಿ ಸಾರಿನಪುಡಿ ಮಾಡುತ್ತಾರೆ ಅಂತ ಯಾರು ನಂಬಲ್ಲ ಹೇಳಿ!

ಹಾಗಾದರೆ ಖಾರದಪುಡಿಗೆ 'ಬ್ಯಾಡಗಿ' ಅಂತ ಅರ್ಜಿ ಹಾಕು ಅಂದ ನಮ್ಮಣ್ಣ. ಅದು ಇನ್ನೂ ದೊಡ್ಡ ತಲೆನೋವು. ಬ್ಯಾಡಗಿ ಮೆಣಸಿನಕಾಯಿಗೆ ಜಿಐ (ಭೌಗೋಳಿಕ ಗುರುತು) ಇದೆ, ಧಾರವಾಡ ಪೇಡಕ್ಕೆ ಇದ್ದ ಹಾಗೆ. ಜಿಐ ಅಂದರೆ ಆ ಸೀಮೆಯ ಬೆಳೆಗಾರರ, ತಯಾರಕರ ಪಾಲಿನದು. ಒಬ್ಬರ ಜೇಬಿಗೆ ಇಳಿಸಿಕೊಳ್ಳುವಂಥದ್ದಲ್ಲ.

ನನ್ನ ಅರ್ಜಿಯ ವಿಚಾರಣೆ ವಿಡಿಯೋದಲ್ಲೇ ನಡೆಯಿತು. ಕುಕ್ಕರ್ ಕೂಗಬಾರದು ಅಂತ ಒಲೆ ಆರಿಸಿ ಕೂತಿದ್ದೆ. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಪಕ್ಕದ ಬೀದಿಯವರೂ ಸಾರಿನಪುಡಿ ಮಾಡಿದರೆ, ತಮ್ಮ ಊರಿನ ಹೆಸರು ಬರೆದುಕೊಳ್ಳಬಾರದಾ? ನಾನು ಸುಮ್ನೆ ಕೂತೆ. ಪಕ್ಕದ ಬೀದಿಯಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿತ್ತು.

ಆ ಅರ್ಜಿ ಬಿಟ್ಟೆ. 4,500 ಹೋಯಿತು. ಮತ್ತೆ 4,500 ಕಟ್ಟಿ ಹೊಸ ಅರ್ಜಿ ಹಾಕಿದೆ. ಈ ಸಲ ಅಜ್ಜಿ ತನ್ನ ಒರಳಿಗೆ ಇಟ್ಟಿದ್ದ ಮುದ್ದಿನ ಹೆಸರು ದೊಡ್ಡದಾಗಿ, ಕೆಳಗೆ ಊರು ಚಿಕ್ಕದಾಗಿ. (ಆ ಹೆಸರು ಇಲ್ಲಿ ಬರೆದರೆ ಜಾಹೀರಾತಾಗುತ್ತದೆ, ಬೇಡ.) ಲೇಬಲ್ ಪೂರ್ತಿಯಾಗಿ ನನ್ನದು, ಅದರೊಳಗಿನ 'ತೀರ್ಥಹಳ್ಳಿ' ಪದ ನನ್ನೊಬ್ಬಳದಲ್ಲ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಈಗ ಹತ್ತು ವರ್ಷದ ನೋಂದಣಿ ಇದೆ, ಆಮೇಲೆ ನವೀಕರಿಸಬೇಕು.

ಊರಿನ ಹೆಸರು ಹಾಕಿದರೇ ಮಾಲು ಖರ್ಚಾಗುವುದು, ಅದು ನಿಜ. ಹಾಕಿಕೊಳ್ಳಿ, ಬೇಡ ಅನ್ನುವವರಿಲ್ಲ. ನೋಂದಣಿಗೆ ದುಡ್ಡು ಕಟ್ಟುವುದಾದರೆ ಪಕ್ಕದಲ್ಲಿ ಇನ್ನೊಂದು ಪದ ಹುಡುಕಿಕೊಂಡು ಕಟ್ಟಿ.

ಕಳೆದ ತಿಂಗಳು ಮಗ ಅಂಗಡಿಯಿಂದ ಒಂದು ಪ್ಯಾಕೆಟ್ ತಂದ. ಪಕ್ಕದ ಬೀದಿಯವರದೇ, ಊರಿನ ಹೆಸರೂ ಇತ್ತು. ಸಾರು ಮಾಡಿ ನೋಡಿದೆ. ಜೀರಿಗೆ ಸ್ವಲ್ಪ ಜಾಸ್ತಿ.