ನಾಣ್ಯ ಮುಟ್ಟಿದ್ರೆ ತುರಿಕೆ: ನಿಕ್ಕಲ್ ಅಲರ್ಜಿ ಜೊತೆ ನನ್ನ ಅನುಭವ

ಹಳೇ ನಾಣ್ಯ ಕೂಡಿಡೋ ಹುಚ್ಚು ನಂಗೆ ಕಾಲೇಜಿನಿಂದ್ಲೂ ಇದೆ. ಹಾಸನದಲ್ಲಿ ಗುಜರಿ ಅಂಗಡಿಯವ್ರು, ಹಳೇ ದಿನಸಿ ಅಂಗಡಿಯವ್ರು ಕೆಜಿ ಲೆಕ್ಕದಲ್ಲಿ ಕೊಡೋ ನಾಣ್ಯ ತಂದು ಭಾನುವಾರ ಚಾಪೆ ಮೇಲೆ ಸುರ್ಕೊಂಡು ಒಂದೊಂದೇ ವಿಂಗಡಿಸೋದು, ಇಸವಿ ನೋಡೋದು, ಯಾವ ಟಂಕಸಾಲೆದು ಅಂತ ತೋರಿಸೋ ಮಿಂಟ್ ಮಾರ್ಕ್ ನೋಡೋದು, ಅದ್ರಲ್ಲಿ ಸಿಗೋ ಖುಷಿನೇ ಬೇರೆ. ಆಮೇಲೆ ಹೆಬ್ಬೆರಳು, ತೋರು ಬೆರಳಿನ ಪಕ್ಕದಲ್ಲಿ ಸಣ್ಣ ಸಣ್ಣ ನೀರ್ಗುಳ್ಳೆ ಏಳೋಕೆ ಶುರುವಾಯ್ತು, ವಿಪರೀತ ತುರಿಕೆ, ಆಮೇಲೆ ಒಣಗಿ ಸಿಪ್ಪೆ ಎದ್ದು ಬಿರುಕು ಬಿಟ್ಟು ಅನ್ನ ಕಲಸೋಕೂ ಉರಿ.

ನಮ್ ಕಡೆ ಕೈ ತುರಿಕೆ ಅಂದ್ರೆ ಮೊದ್ಲು ಬೈಸ್ಕೊಳ್ಳೋದು ಕಾಂಗ್ರೆಸ್ ಗಿಡ, ಇಲ್ಲ ಆಲೂಗೆಡ್ಡೆ ಹೊಲಕ್ಕೆ ಹೊಡೆಯೋ ಔಷಧಿ. ನಮ್ಮಮ್ಮ ಅಂತೂ "ಬದನೆಕಾಯಿ ಬಿಡೋ, ನಂಜು ಕಣೋ ಅದು" ಅಂತ ಬದನೆಕಾಯಿ ತರೋದೇ ನಿಲ್ಲಿಸಿಬಿಟ್ರು. ನಾಣ್ಯದ ಮೇಲೆ ಯಾರಿಗೂ ಅನುಮಾನ ಬರ್ಲಿಲ್ಲ, ಬರೋದು ಕಷ್ಟನೂ ಹೌದು, ಯಾಕಂದ್ರೆ ನಿಕ್ಕಲ್ ಅನ್ನೋ ಲೋಹದಿಂದ ಬರೋ ಈ ಅಲರ್ಜಿ ಮುಟ್ಟಿದ ತಕ್ಷಣ ಬರಲ್ಲ, ಒಂದರಿಂದ ಮೂರು ದಿನ ತಗೊಳತ್ತೆ, ಭಾನುವಾರ ನಾಣ್ಯ ಮುಟ್ಟಿದ್ರೆ ಸೋಮವಾರ ರಾತ್ರಿನೋ ಮಂಗಳವಾರನೋ ತುರಿಕೆ, ಅಷ್ಟೊತ್ತಿಗೆ ಮಂಗಳವಾರ ತಿಂದಿದ್ದರ ಮೇಲೆ ತಪ್ಪು ಬೀಳತ್ತೆ. ಕೊನೆಗೆ ಗಮನಿಸಿದ್ದು ನನ್ ಹೆಂಡ್ತಿ. "ರೀ, ನಿಮಗೆ ಜೀನ್ಸ್ ಬಟನ್ ತಾಗೋ ಜಾಗದಲ್ಲೂ ಹೊಕ್ಕಳ ಕೆಳಗೆ ಹಿಂಗೇ ಕಪ್ಪಾಗಿ ತುರಿಕೆ ಬರತ್ತಲ್ಲ, ಅದೂ ಲೋಹನೇ ಅಲ್ವಾ" ಅಂದ್ಳು.

ಚರ್ಮದ ಡಾಕ್ಟರ್ ಮೊದ್ಲು ಸ್ವಲ್ಪ ಸಿಪ್ಪೆ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿ ಫಂಗಸ್ ಅಲ್ಲ ಅಂದ್ರು. ಇದು ಬಹಳ ಮುಖ್ಯ ಕಣ್ರೀ, ಮೆಡಿಕಲ್ ಶಾಪಲ್ಲಿ ಕೈ ತೋರಿಸಿದ್ರೆ ಕೊಡೋ ಕ್ರೀಮಲ್ಲಿ ಎಷ್ಟೋ ಸಲ ಸ್ಟೆರಾಯ್ಡ್, ಫಂಗಸ್ ಔಷಧಿ, ಆಂಟಿಬಯೋಟಿಕ್ ಮೂರೂ ಒಟ್ಟಿಗೆ ಇರತ್ತೆ, ಹಚ್ಚಿದಾಗ ಕಮ್ಮಿ ಆಗತ್ತೆ ಬಿಟ್ಟಾಗ ವಾಪಸ್ ಬರತ್ತೆ, ನಿಜವಾಗ್ಲೂ ಫಂಗಸ್ ಆಗಿದ್ರೆ ಸ್ಟೆರಾಯ್ಡಿಂದ ಇನ್ನೂ ಹರಡತ್ತೆ. ಆಮೇಲೆ ಯಾವುದಕ್ಕೆ ಅಲರ್ಜಿ ಅಂತ ಹುಡುಕೋ ಪ್ಯಾಚ್ ಟೆಸ್ಟ್. ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ನಿಕ್ಕಲ್, ಕ್ರೋಮಿಯಂ, ಕೋಬಾಲ್ಟ್, ಸೆಂಟಿನ ಪದಾರ್ಥ, ಪಾರ್ಥೇನಿಯಂ (ಅದೇ ಕಾಂಗ್ರೆಸ್ ಗಿಡ) ಎಲ್ಲಾ ಹಾಕಿ ಟೇಪ್ ಅಂಟಿಸ್ತಾರೆ, 48 ಗಂಟೆ ಬೆನ್ನಿಗೆ ನೀರು ತಾಗಿಸಂಗಿಲ್ಲ, ತೆಗೆದ್ಮೇಲೆ ಒಂದ್ಸಲ ನೋಡಿ ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಂದ್ಸಲ ನೋಡ್ತಾರೆ. ಎರಡನೇ ಸಲಕ್ಕೆ ತಪ್ಪಿಸ್ಕೋಬೇಡಿ, ಕೆಲವ್ರಿಗೆ ರಿಯಾಕ್ಷನ್ ಆವಾಗ್ಲೇ ಕಾಣೋದು. ನಂಗೆ ನಿಕ್ಕಲ್ ಜಾಗ ಮಾತ್ರ ಕೆಂಪಾಗಿ ಗುಳ್ಳೆ ಎದ್ದಿತ್ತು, ಪಾರ್ಥೇನಿಯಂ ಜಾಗ ಕ್ಲೀನ್. ಬದನೆಕಾಯಿ ಮನೆಗೆ ವಾಪಸ್ ಬಂತು.

ಡಾಕ್ಟರ್ ಹೇಳಿದ್ದು ಇಷ್ಟು: ಒಂದ್ಸಲ ದೇಹ ನಿಕ್ಕಲ್‌ನ ಶತ್ರು ಅಂತ ಗುರ್ತಿಟ್ಕೊಂಡ್ರೆ ಸಾಮಾನ್ಯವಾಗಿ ಜೀವನಪೂರ್ತಿ ಮರೆಯಲ್ಲ, ಬೆವರಲ್ಲಿರೋ ಉಪ್ಪು ನಿಕ್ಕಲ್‌ನ ಕರಗಿಸಿ ಚರ್ಮಕ್ಕೆ ಇಳಿಸತ್ತೆ. ಅದಕ್ಕೇ ನಂಗೆ ಮಾರ್ಚಿಂದ ಮೇ ತನಕ ಜಾಸ್ತಿ, ಮಳೆಗಾಲದಲ್ಲಿ ಕಮ್ಮಿ. ಹವ್ಯಾಸ ಬಿಟ್ಬಿಡಿ ಅಂತ ತುಂಬಾ ಜನ ಅಂದ್ರು, ನಂಗೆ ಅದು ಒಪ್ಪಿಗೆ ಆಗ್ಲಿಲ್ಲ, ಯಾವ ನಾಣ್ಯದಲ್ಲಿ ಏನಿದೆ ಅಂತ ತಿಳ್ಕೊಂಡ್ರೆ ಸಾಕಲ್ವಾ.

ನಾಣ್ಯದವ್ರು ತುಂಬಾ ಜನ ಯಾವ ಲೋಹ ಅಂತ ತಿಳ್ಕೊಳ್ಳೋಕೆ ಮ್ಯಾಗ್ನೆಟ್ ಇಟ್ಟು ನೋಡ್ತಾರೆ, ಅದು ಈ ವಿಷಯಕ್ಕೆ ಉಪಯೋಗಕ್ಕೆ ಬರಲ್ಲ. 1947ರ ಹುಲಿ ಚಿತ್ರದ ರೂಪಾಯಿ, 1950ರ ತೆನೆ ರೂಪಾಯಿ, 25 ಮತ್ತು 50 ನಯೇ ಪೈಸೆ ಇವೆಲ್ಲಾ ಅಚ್ಚ ನಿಕ್ಕಲ್, ಮ್ಯಾಗ್ನೆಟ್‌ಗೆ ಅಂಟತ್ತೆ. 1975ರಿಂದ ಬಂದ ದೊಡ್ಡ ಒಂದ್ರೂಪಾಯಿ, 1992ರಿಂದ ಬಂದ ದಪ್ಪ ಐದ್ರೂಪಾಯಿ ಕುಪ್ರೊನಿಕ್ಕಲ್, ಅಂದ್ರೆ ನೂರಕ್ಕೆ 75 ತಾಮ್ರ 25 ನಿಕ್ಕಲ್, ಮ್ಯಾಗ್ನೆಟ್‌ಗೆ ಅಂಟಲ್ಲ ಆದ್ರೆ ಕೈಗೆ ನಿಕ್ಕಲ್ ಬಿಡತ್ತೆ. 1988ರ ಘೇಂಡಾಮೃಗದ 25 ಪೈಸೆ, 1992ರ ನಂತರದ ಒಂದ್ರೂಪಾಯಿ ಫೆರಿಟಿಕ್ ಸ್ಟೀಲ್, ಮುಖ್ಯವಾಗಿ ಕಬ್ಬಿಣ ಮತ್ತು ಕ್ರೋಮಿಯಂ, ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟತ್ತೆ, ನಂಗೆ ಏನೂ ಮಾಡಲ್ಲ. ಅಲ್ಯೂಮಿನಿಯಂ ಪೈಸೆಗಳು, ಮೈಸೂರು ಸಂಸ್ಥಾನದ ತಾಮ್ರದ ಆನೆ ಕಾಸುಗಳು ಆರಾಮಾಗಿ ಮುಟ್ತೀನಿ, ತಾಮ್ರದಿಂದ ಬೆರಳು ಹಸಿರಾದ್ರೆ ಅದು ಕಲೆ ಅಷ್ಟೇ, ಅಲರ್ಜಿ ಅಲ್ಲ. ಬೆಳ್ಳಿ ಅಂತ ನಂಬಂಗೂ ಇಲ್ಲ, ಐದನೇ ಜಾರ್ಜ್ ಕಾಲದ ರೂಪಾಯಿ ನೂರಕ್ಕೆ 91.7 ಬೆಳ್ಳಿ, ಆದ್ರೆ 1940ರಿಂದ 1945ರ ತನಕದ ಆರನೇ ಜಾರ್ಜ್ ರೂಪಾಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದು 40 ತಾಮ್ರ, 5 ಸತು, 5 ನಿಕ್ಕಲ್ ಸೇರ್ಕೊಂಡಿದೆ.

ಖಚಿತ ಮಾಡ್ಕೊಳ್ಳೋಕೆ ಕೆಮಿಸ್ಟ್ರಿ ಲೆಕ್ಚರರ್ ಒಬ್ಬ ಸ್ನೇಹಿತ ಸಹಾಯ ಮಾಡ್ದ. ಬಿಎಸ್ಸಿಯಲ್ಲಿ ಸಾಲ್ಟ್ ಅನಾಲಿಸಿಸ್ ಮಾಡಿದೋರಿಗೆ ಡೈಮೀಥೈಲ್ ಗ್ಲೈಆಕ್ಸಿಮ್ ನೆನಪಿರತ್ತೆ, ನಿಕ್ಕಲ್ ಇದ್ರೆ ಗುಲಾಬಿ ಕೆಂಪು ಬಣ್ಣ ಬರತ್ತಲ್ಲ ಅದೇ. ಕಿವಿಗೆ ಹಾಕೋ ಹತ್ತಿ ಕಡ್ಡಿಗೆ ಅದನ್ನೂ ಅಮೋನಿಯಾನೂ ಒಂದೊಂದು ಹನಿ ಹಾಕಿ ನಾಣ್ಯಕ್ಕೆ ಅರ್ಧ ನಿಮಿಷ ಉಜ್ಜೋದು. 80ರ ದಶಕದ ಒಂದ್ರೂಪಾಯಿಗೆ ಹತ್ತಿ ಗುಲಾಬಿ ಆಯ್ತು, ಸ್ಟೀಲ್‌ದಕ್ಕೆ ಬೆಳ್ಳಗೇ ಉಳೀತು. ಜೀನ್ಸ್ ಬಟನ್ನಿಗೂ ಗುಲಾಬಿ! ಅಮೋನಿಯಾ ಘಾಟು ಜೋರು, ಕಿಟಕಿ ತೆಗೆದು ಮಾಡಿ, ಬೆಲೆ ಬಾಳೋ ನಾಣ್ಯದ ಮೇಲೆ ಮಾಡ್ಬೇಡಿ.

ಈಗ ವಿಂಗಡಿಸೋವಾಗ ನೈಟ್ರೈಲ್ (ಒಂಥರಾ ಕೃತಕ ರಬ್ಬರ್) ಗ್ಲೌಸ್ ಹಾಕ್ತೀನಿ, ಒಳಗೆ ಬೆವರಿದ್ರೆ ಬದಲಾಯಿಸ್ತೀನಿ. ನಾಣ್ಯದವ್ರು ಹಾಕೋ ಬಿಳೀ ಹತ್ತಿ ಗ್ಲೌಸ್ ಬೆವರಿಗೆ ಒದ್ದೆಯಾದ್ರೆ ನಮ್ಮಂಥವ್ರಿಗೆ ಪ್ರಯೋಜನ ಇಲ್ಲ. ಚಿಮುಟ ಪ್ಲಾಸ್ಟಿಕ್‌ದೇ ತಗೊಳ್ಳಿ, ಹೊಳೆಯೋ ಲೋಹದ್ದಕ್ಕೆ ನಿಕ್ಕಲ್ ಲೇಪನ ಇರಬಹುದು. ಹುಣಸೆಹಣ್ಣಲ್ಲಿ ನಾಣ್ಯ ತಿಕ್ಕೋದು ನಂಗೆ ಮೊದ್ಲಿಂದ್ಲೂ ಇಷ್ಟ ಇಲ್ಲ, ನಾಣ್ಯದ ಬೆಲೆನೂ ಹೋಗತ್ತೆ, ಹುಳಿಗೆ ನಿಕ್ಕಲ್ ಬೇಗ ಕರಗಿ ಕೈಗೂ ಬರತ್ತೆ. ವಿಂಗಡಿಸೋವಾಗ ಕಣ್ಣುಜ್ಜಬೇಡಿ, ರೆಪ್ಪೆ ಚರ್ಮ ತೆಳು, ನಂಗೆ ಒಂದ್ಸಲ ಅಲ್ಲೇ ಊದಿತ್ತು. ಮುಗಿದ್ಮೇಲೆ ಸೋಪಲ್ಲಿ ತೊಳೆದು ಒರೆಸಿ ವ್ಯಾಸಲೀನ್. ಕುಪ್ರೊನಿಕ್ಕಲ್ ಮತ್ತು ನಿಕ್ಕಲ್ ನಾಣ್ಯ ಎಲ್ಲಾ ಪಾರದರ್ಶಕ ಹೋಲ್ಡರ್ ಒಳಗೆ ಹೋಗಿವೆ, ಎರಡೂ ಮುಖ ನೋಡ್ಬಹುದು, ಮುಟ್ಟೋ ಹಂಗಿಲ್ಲ. ಬಿರುಕು ಪೂರ್ತಿ ವಾಸಿಯಾಗಿದೆ, ಡಾಕ್ಟರ್ ಬರೆದ ಕ್ರೀಮ್ ಅವ್ರು ಹೇಳಿದಷ್ಟೇ ದಿನ ಹಚ್ಚಿ ನಿಲ್ಲಿಸಿದೀನಿ.

ಮನೇಲಿ ಮಗೂಗೆ ಕಿವಿ ಚುಚ್ಚಿಸೋದಿದ್ರೆ ಇನ್ನೊಂದು ಮಾತು. ನಿಕ್ಕಲ್ ಅಲರ್ಜಿ ಎಷ್ಟೋ ಜನಕ್ಕೆ ಶುರುವಾಗೋದೇ ಆ ಹಸಿ ಗಾಯಕ್ಕೆ ಹಾಕೋ ಅಗ್ಗದ ಓಲೆಯಿಂದ. ನಮ್ ಮಗಳಿಗೆ ಅಕ್ಕಸಾಲಿಗರ ಹತ್ರ 22 ಕ್ಯಾರೆಟ್ ಚಿನ್ನದ ತಂತೀನೇ ಹಾಕ್ಸಿದ್ವಿ. ಹಾಸನದ ಸುತ್ತಮುತ್ತ ನಾಣ್ಯದವ್ರು ಯಾರಿಗಾದ್ರೂ ಹಿಂಗೇ ಆಗ್ತಿದ್ರೆ ಹೇಳಿ, ಟೆಸ್ಟಿನ ಸೀಸೆಯಲ್ಲಿ ಇನ್ನೂ ಮುಕ್ಕಾಲು ಭಾಗ ಇದೆ, ಒಂದು ಭಾನುವಾರ ಕೂತು ನಿಮ್ ನಾಣ್ಯನೂ ನೋಡೋಣ.