ಹೆತ್ತವರಿಗೆ ಸಕ್ಕರೆ ಕಾಯಿಲೆಯೇ? ಮೊದಲು ಮನೆಯ ಎಣ್ಣೆ ತೂಗಿ

ಅಪ್ಪನಿಗೋ ಅಮ್ಮನಿಗೋ ಮಧುಮೇಹ ಎಂದು ಗೊತ್ತಾದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಎಣ್ಣೆಯ ಬ್ರ್ಯಾಂಡ್ ಬದಲಾಗುತ್ತದೆ, ಸುರಿಯುವ ಕೈ ಬದಲಾಗುವುದಿಲ್ಲ. ಮಕ್ಕಳ ಮಟ್ಟಿಗೆ ಇದು ದೊಡ್ಡ ತಪ್ಪು. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಒಳಗೆಳೆದುಕೊಳ್ಳಬೇಕಾದದ್ದು ಸ್ನಾಯು. ಅದರ ಜೀವಕೋಶದೊಳಗೆ ಕೊಬ್ಬು ಕೂತರೆ ಇನ್ಸುಲಿನ್ ಬಾಗಿಲು ತಟ್ಟಿದರೂ ಒಳಗೆ ಕೇಳಿಸುವುದಿಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಧುಮೇಹಿಗಳ ಮಕ್ಕಳನ್ನು, ಅವರಿನ್ನೂ ತೆಳ್ಳಗೆ ಆರೋಗ್ಯವಾಗಿದ್ದಾಗಲೇ, ಪರೀಕ್ಷಿಸಿತು. ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದವರ ಸ್ನಾಯುಕೋಶಗಳಲ್ಲಿ ಕೊಬ್ಬು ಉಳಿದವರಿಗಿಂತ ಸುಮಾರು 80% ಹೆಚ್ಚಿತ್ತು.

1. ಅಪಾಯದ ಅಂಕ ಹಾಕಿ. ಭಾರತೀಯ ಮಧುಮೇಹ ಅಪಾಯ ಸೂಚಿ (ಐಡಿಆರ್‌ಎಸ್) ಎಂಬ ಅಂಕಪಟ್ಟಿಯಲ್ಲಿ ಹೆತ್ತವರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ 10, ಇಬ್ಬರಿಗೂ ಇದ್ದರೆ 20 ಅಂಕ. ವಯಸ್ಸು, ಸೊಂಟದ ಸುತ್ತಳತೆ, ವ್ಯಾಯಾಮದ ಅಂಕಗಳನ್ನೂ ಕೂಡಿಸಿ 60 ಅಥವಾ ಅದಕ್ಕಿಂತ ಹೆಚ್ಚಾದರೆ ರಕ್ತಪರೀಕ್ಷೆ ಮುಂದೂಡಬೇಡಿ.

2. ಏಳು ದಿನ ತೂಗಿ. ಹೆಚ್ಚಿನವರು ಎಡವುವುದು ಇಲ್ಲೇ. ‘ನಮ್ಮನೇಲಿ ಎಣ್ಣೆ ಕಮ್ಮಿ’ ಎನ್ನುವುದು ಅಳತೆಯಲ್ಲ. ಅಡುಗೆಮನೆಯ ತಕ್ಕಡಿ ತನ್ನಿ. ವಾರದ ಎಣ್ಣೆಯನ್ನೆಲ್ಲ ಒಂದೇ ಡಬ್ಬಕ್ಕೆ ಹಾಕಿ ತೂಗಿ. ತುಪ್ಪ, ಬೆಣ್ಣೆಯ ಡಬ್ಬಗಳನ್ನೂ ತೂಗಿ ಬರೆದಿಡಿ. ನಡುವೆ ಡಬ್ಬಕ್ಕೆ ಹೊಸ ಎಣ್ಣೆ ಸುರಿದರೆ ಅದರ ತೂಕ ಅಂದೇ ಬರೆಯಬೇಕು. ಮರೆತರೆ ಲೆಕ್ಕವೇ ಹಾಳು. ಪೊಟ್ಟಣದ ಗಾತ್ರ ನೋಡಿ ಲೀಟರ್ ಎಂದುಕೊಳ್ಳಬೇಡಿ, ಮೇಲೆ ಮುದ್ರಿಸಿದ ಗ್ರಾಂ ಓದಿ. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಬೋಂಡಾ ಕರಿದ ದಿನ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ತೂಗಿ ಕಳೆಯಿರಿ. ನೆಂಟರು ಬಂದ ವಾರ ಲೆಕ್ಕಕ್ಕೆ ಬೇಡ.

ನಾಲ್ವರ ಮನೆ ಎಂದಿಟ್ಟುಕೊಳ್ಳಿ. ಸೋಮವಾರ 2,400 ಗ್ರಾಂ ಇದ್ದದ್ದು ಮುಂದಿನ ಸೋಮವಾರ 1,220 ಆಗಿದೆ. ಕರಗಿದ್ದು 1,180. ಏಳರಿಂದ, ನಾಲ್ಕರಿಂದ ಭಾಗಿಸಿದರೆ ತಲೆಗೆ ದಿನಕ್ಕೆ 42 ಗ್ರಾಂ. ಹೆಚ್ಚು ಓಡಾಟವಿಲ್ಲದವರಿಗೆ 20ರಿಂದ 25 ಗ್ರಾಂ, ಅಂದರೆ ಐದು ಟೀ ಚಮಚದ ಆಸುಪಾಸು, ಸಾಕು. ಹೋಟೆಲ್ ದೋಸೆ, ಬೇಕರಿಯ ಪಫ್ಸ್ ಈ ತಕ್ಕಡಿಗೆ ಸಿಗುವುದಿಲ್ಲ. ಅವನ್ನು ಎಷ್ಟು ಸಲ ತಿಂದಿರಿ ಎಂದು ಪಕ್ಕದಲ್ಲಿ ಗುರುತು ಹಾಕಿ.

42ರಿಂದ 25ಕ್ಕೆ ಒಂದೇ ದಿನ ಇಳಿಸಿದರೆ ಎರಡನೇ ವಾರಕ್ಕೆ ಎಲ್ಲ ಮೊದಲಿನಂತೆ ಆಗುತ್ತದೆ. ವಾರಕ್ಕೆ ಐದು ಗ್ರಾಂನಂತೆ ಇಳಿಸಿ. ಆ ದಿನದ ಪಾಲನ್ನು ಬೆಳಿಗ್ಗೆಯೇ ಸಣ್ಣ ಬಾಟಲಿಗೆ ತುಂಬಿ, ದೊಡ್ಡ ಡಬ್ಬ ಕಪಾಟು ಸೇರಲಿ. ನಾಲ್ವರಿಗೆ ಕೊನೆಗೆ ನಿಲ್ಲಬೇಕಾದದ್ದು 100 ಗ್ರಾಂ, ಸುಮಾರು 110 ಮಿಲಿ.

ಎಣ್ಣೆ ಹೆಚ್ಚಾಗುವುದು ಬಹುತೇಕ ಒಗ್ಗರಣೆಯಲ್ಲಿ. ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹರಡಿ ಹೋಗುತ್ತದೆ, ಸಾಸಿವೆ ಮುಳುಗುವುದಿಲ್ಲ, ಸಿಡಿಯುವ ಮೊದಲೇ ಸೀಯುತ್ತದೆ. ಅದಕ್ಕೇ ಕೈ ಮತ್ತೆ ಸುರಿಯುತ್ತದೆ. ಕುಳಿಯಿರುವ ಸಣ್ಣ ಒಗ್ಗರಣೆ ಸೌಟಿನಲ್ಲಿ ಎರಡು ಟೀ ಚಮಚದಲ್ಲೇ ನಾಲ್ವರ ಸಾರಿಗೆ ಸಾಸಿವೆ, ಇಂಗು, ಕರಿಬೇವು ಎಲ್ಲ ಆಗುತ್ತದೆ. ಪಲ್ಯಕ್ಕೆ ತರಕಾರಿಯನ್ನು ನೀರು ಚಿಮುಕಿಸಿ ಮುಚ್ಚಿ ಬೇಯಿಸಿ, ಒಗ್ಗರಣೆ ಕೊನೆಗೆ ಕೊಡಿ. ದೋಸೆ ಕಾವಲಿಗೆ ಅರ್ಧ ಹೋಳಿನ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿದರೆ ಸಾಕು.

3. ಎಣ್ಣೆ ಆರಿಸಿ. ಅಳತೆ ಹಿಡಿತಕ್ಕೆ ಬಂದ ಮೇಲೆ ಮಾತ್ರ. ಐದು ದೇಶಗಳ 162 ಆರೋಗ್ಯವಂತರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳು ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿರುವ ಬಗೆ) ಹೆಚ್ಚು ತಿಂದವರ ಇನ್ಸುಲಿನ್ ಸ್ಪಂದನೆ ಸುಮಾರು 10% ಕುಸಿಯಿತು. ಆಲಿವ್ ಎಣ್ಣೆಯಲ್ಲಿರುವ ಬಗೆಯ ಕೊಬ್ಬು ತಿಂದವರಲ್ಲಿ ಕುಸಿಯಲಿಲ್ಲ. ಒಟ್ಟು ಕೊಬ್ಬು ವಿಪರೀತವಾಗಿದ್ದವರಲ್ಲಿ ಒಳ್ಳೆಯ ಕೊಬ್ಬಿನ ಈ ಲಾಭವೇ ಕಾಣಲಿಲ್ಲ. ಮೊದಲು ತೂಗಿ ಎನ್ನುವುದು ಇದಕ್ಕೇ.

ದುಬಾರಿ ಆಲಿವ್ ಎಣ್ಣೆ ಬೇಕಿಲ್ಲ, ಕಡಲೆಕಾಯಿ ಎಣ್ಣೆ ತನ್ನಿ. ಅದರ ಕೊಬ್ಬಿನ ಹೆಚ್ಚುಕಡಿಮೆ ಅರ್ಧ ಭಾಗ ಆ ಬಗೆಯದೇ. ಎಳ್ಳೆಣ್ಣೆಯೂ ಒಳ್ಳೆಯದು. ತಾಳೆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಅರ್ಧ, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು, ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90%. ತುಪ್ಪ ಬೇಕೆನಿಸಿದರೆ ದಿನಕ್ಕೊಂದು ಟೀ ಚಮಚ, ಅದೂ 25 ಗ್ರಾಂ ಒಳಗೇ. ಕಾಯಿತುರಿಯಲ್ಲೂ ಮೂರನೇ ಒಂದು ಭಾಗದಷ್ಟು ಕೊಬ್ಬಿದೆ. ಹುಳಿಗೆ ರುಬ್ಬಿ ಹಾಕಿದ ದಿನ ಪಲ್ಯದ ಮೇಲೆ ಮತ್ತೆ ಉದುರಿಸಬೇಡಿ.

‘ಕೊಲೆಸ್ಟರಾಲ್ ಇಲ್ಲ’ ಎಂಬ ಬರಹಕ್ಕೆ ಹೆಚ್ಚು ಹಣ ಕೊಡಬೇಡಿ. ಯಾವ ಸಸ್ಯದ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಫ್ರಿಜ್‌ನಲ್ಲಿ ಹೆಪ್ಪುಗಟ್ಟಿದರೆ ಕಲಬೆರಕೆ ಎಂಬ ಪರೀಕ್ಷೆಯನ್ನೂ ನಂಬಬೇಡಿ, ಶುದ್ಧ ಕಡಲೆಕಾಯಿ ಎಣ್ಣೆಯೂ ಚಳಿಗೆ ಮಬ್ಬಾಗುತ್ತದೆ. ಬಿಸ್ಕತ್ತಿನ ಪಟ್ಟಿಯಲ್ಲಿ ‘ಖಾದ್ಯ ಸಸ್ಯಜನ್ಯ ಕೊಬ್ಬು’ ಎಂದಿದ್ದರೆ ಅದು ಹೆಚ್ಚಾಗಿ ತಾಳೆಯದು. ಕರಿದ ಎಣ್ಣೆಯನ್ನು ಮತ್ತೆ ಕರಿಯಲು ಇಡಬೇಡಿ.

4. ತೆರವಾದ ಜಾಗ ನೋಡಿಕೊಳ್ಳಿ. ಎಣ್ಣೆ ಇಳಿಸಿ ಅನ್ನ ಎರಡು ಸೌಟು ಏರಿಸಿದರೆ ಲಾಭವಿಲ್ಲ. ಹೆಸರುಕಾಳಿನ ಉಸಲಿ, ಕೋಸಂಬರಿ, ಸೊಪ್ಪು ಏರಲಿ. ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಪ್ರಮಾಣ ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು, ಸಕ್ಕರೆ ತೀರಾ ಇಳಿಯಬಹುದು.

5. ಮೂರು ತಿಂಗಳಿಗೆ ಪರೀಕ್ಷೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಾಗಾಗಿ ಎಚ್‌ಬಿಎ1ಸಿ, ಅಂದರೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ, ಬದಲಾವಣೆ ತೋರಿಸಲು ಅಷ್ಟು ಕಾಲ ಬೇಕು. 5.7ರಿಂದ 6.4% ಮಧುಮೇಹದ ಹೊಸ್ತಿಲು. ಪರೀಕ್ಷೆಯ ದಿನದವರೆಗೆ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗೆ ಬರಬೇಕು.